ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಜ್ವರಕ್ಕೆ ‘ಹೈ’: ಮಕ್ಕಳಿಗೆ ಹೇಗೆ ಹೇಳಿಕೊಡೋದು?

ಹಳ್ಳಿ ಶಾಲೆ ಟೀಚರ್

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮದು ಕನ್ನಡ ಮೀಡಿಯಂ. ಕಳೆದ ವಾರ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ದಿನ ಬರಲಿಲ್ಲ. ಬಂದ ದಿನ ರಜಾ ಚೀಟಿ ಕೊಟ್ಟಳು. ಇಂಗ್ಲಿಷಿನಲ್ಲಿ ತಾನೇ ಬರೆದದ್ದು, ಯಾರ ಹತ್ತಿರವೂ ಬರೆಸಿದ್ದಲ್ಲ. ಅದನ್ನು ನೋಡಿಯೇ ನನಗೆ ಖುಷಿಯಾಯಿತು. ಊರಲ್ಲಿ ‘ಹೆವಿ ರೇನ್’ ಮತ್ತು ‘ಹೆವಿ ವಿಂಡ್’, ತನಗೆ ‘ಹೆವಿ ಫೀವರ್’ ಅಂತ ಬರೆದಿದ್ದಳು.

ಮೊದಲನೆಯದು ಸರಿ. ಉಳಿದ ಎರಡನ್ನು ತಿದ್ದಿದೆ. ಗಾಳಿಗೆ ‘ಸ್ಟ್ರಾಂಗ್ ವಿಂಡ್’, ಜ್ವರಕ್ಕೆ ‘ಹೈ ಫೀವರ್’ ಅಂದೆ. ಅವಳು ಚೀಟಿ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು: “ಮಿಸ್, ಮಳೆನೂ ಜೋರು, ಗಾಳಿನೂ ಜೋರು, ಜ್ವರನೂ ಜೋರು. ಮಳೆಗೆ ಮಾತ್ರ ಹೆವಿ ಯಾಕೆ?”

ಇಂಗ್ಲಿಷಿನಲ್ಲಿ ಹಾಗೇ ಹೇಳೋದು ಅಂದುಬಿಟ್ಟೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಅವಳ ಪ್ರಶ್ನೆ ಸರಿಯಾಗಿಯೇ ಇದೆ ಅಲ್ವಾ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಿಯಮ ಅಂತ ಏನಾದರೂ ಇದೆಯಾ, ಇಲ್ಲ ಬಾಯಿಪಾಠವೇ ಗತಿಯಾ?

ಪದಗಳ ಹುಚ್ಚು

ಮೇಡಂ, ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ಅವಳು ಕೇಳಿದ್ದನ್ನೇ ಭಾಷಾಶಾಸ್ತ್ರದವರು ವರ್ಷಗಟ್ಟಲೆ ಕೇಳಿಕೊಂಡಿದ್ದಾರೆ. ಇದಕ್ಕೆ ಅವರು ‘ಕಾಲೊಕೇಶನ್’ ಅನ್ನುತ್ತಾರೆ. ಅಂದರೆ ಪದಗಳ ಒಡನಾಟ. ಯಾವ ಪದ ಯಾವುದರ ಜೊತೆ ಕೂರುತ್ತದೆ, ಯಾವುದರ ಜೊತೆ ಕೂರುವುದಿಲ್ಲ ಅನ್ನುವ ವಿಷಯ.

ಈ ಮಾತನ್ನು ಭಾಷಾಶಾಸ್ತ್ರಕ್ಕೆ ಗಟ್ಟಿಯಾಗಿ ತಂದವರು ಜೆ. ಆರ್. ಫರ್ತ್. ಇಂಗ್ಲೆಂಡಿನ ಯಾರ್ಕ್‌ಶೈರಿನವರು. 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡಿದ್ದರು. ಆಗಿನ್ನೂ ಲಾಹೋರ್ ನಮ್ಮ ದೇಶದ್ದೇ. ಒಂದು ಪದದ ಜೊತೆಗಾರರು ಯಾರು ಅಂತ ನೋಡಿದರೆ ಆ ಪದ ಎಂಥದ್ದು ಅಂತ ತಿಳಿಯುತ್ತದೆ ಎಂದು 1957ರಲ್ಲಿ ಅವರು ಬರೆದರು. ಮುಂದೆ ಅವರ ಶಿಷ್ಯ ಹ್ಯಾಲಿಡೇ ಇದನ್ನು ಟೀ ಲೋಟದಲ್ಲೇ ತೋರಿಸಿದರು. ‘ಸ್ಟ್ರಾಂಗ್’, ‘ಪವರ್‌ಫುಲ್’ ಎರಡಕ್ಕೂ ಅರ್ಥ ಹತ್ತಿರ ಹತ್ತಿರ. ಆದರೂ ಟೀ ಸ್ಟ್ರಾಂಗ್ ಆಗುತ್ತದೆ, ಪವರ್‌ಫುಲ್ ಆಗುವುದಿಲ್ಲ. ಕಾರು ಪವರ್‌ಫುಲ್ ಆಗುತ್ತದೆ. ವಾದ ಮಾತ್ರ ಎರಡೂ ಆಗುತ್ತದೆ.

ಹಾಗಾಗಿ ಹುಡುಗಿ ಅರ್ಥದಲ್ಲಿ ತಪ್ಪಿಲ್ಲ. ಪದದ ಸಹವಾಸ ಅವಳಿಗೆ ಇನ್ನೂ ಪರಿಚಯ ಆಗಿಲ್ಲ, ಅಷ್ಟೇ.

ನಿವೃತ್ತ ಮೇಷ್ಟ್ರು

ಮೂವತ್ತೆರಡು ವರ್ಷ ಇಂಗ್ಲಿಷ್ ಮತ್ತು ಕನ್ನಡ ಎರಡೂ ಪಾಠ ಮಾಡಿದ್ದೇನೆ. ನನ್ನ ಅನುಭವ ಒಂದೇ. ಇಂಥ ಪ್ರಶ್ನೆ ಬಂದಾಗ ಇಂಗ್ಲಿಷ್ ಪುಸ್ತಕ ಮುಚ್ಚಿ, ಕನ್ನಡದಿಂದ ಶುರು ಮಾಡಬೇಕು.

ಆ ಮಗು ಬಳಸಿದ ‘ಜೋರು’ ಪದವನ್ನೇ ತಗೊಳ್ಳಿ. ಅದು ಪಾರಸಿಯ ‘ಝೋರ್’. ಅಲ್ಲಿ ಶಕ್ತಿ ಅಂತ ಅರ್ಥ. ನಮ್ಮಲ್ಲಿಗೆ ಬಂದು ಅದು ಎಲ್ಲೆಲ್ಲಿ ಕೂತಿದೆ ನೋಡಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ, ವ್ಯಾಪಾರ ಜೋರು, ಜೋರಾಗಿ ಓಡು. “ಆ ಹೆಂಗಸು ಬಲು ಜೋರು” ಅಂತಲೂ ಹೇಳುತ್ತೇವೆ. ಇವನ್ನೇ ಇಂಗ್ಲಿಷಿಗೆ ತಂದರೆ? ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಜ್ವರಕ್ಕೆ ‘ಹೈ’, ದನಿಗೆ ‘ಲೌಡ್’, ವ್ಯಾಪಾರಕ್ಕೆ ‘ಬ್ರಿಸ್ಕ್’, ಓಟಕ್ಕೆ ‘ಫಾಸ್ಟ್’. ನಮ್ಮ ಒಂದು ಪದ ಅಲ್ಲಿ ಆರು ಮನೆಗೆ ಹಂಚಿಹೋಗಿದೆ. ಮಗು ಆರೂ ಕಡೆಗೆ ಒಂದೇ ಪದ ಹುಡುಕಿದ್ದು ಸಹಜ.

ಈಗ ಉಲ್ಟಾ ನೋಡಿ. ನಾವು ‘ಕಡುಬಡವ’ ಅನ್ನುತ್ತೇವೆ. ‘ಕಡುಶ್ರೀಮಂತ’ ಅಂತ ಯಾರಾದರೂ ಅನ್ನುತ್ತಾರಾ? ಅವನು ‘ಆಗರ್ಭ ಶ್ರೀಮಂತ’. ಹಾಗಂತ ‘ಆಗರ್ಭ ಬಡವ’ ಇಲ್ಲ. ವೈರಿ ‘ಬದ್ಧ ವೈರಿ’, ಸ್ನೇಹಿತ ‘ಆಪ್ತ ಸ್ನೇಹಿತ’, ಅಭಿಮಾನಿ ‘ಕಟ್ಟಾ ಅಭಿಮಾನಿ’. ಒಂದರ ವಿಶೇಷಣ ಇನ್ನೊಂದಕ್ಕೆ ಹಾಕಿದರೆ ಕಿವಿಗೆ ಒಡೆದು ಕೇಳುತ್ತದೆ. ‘ಧಾರಾಕಾರ’ ಅನ್ನುವ ಪದ ಮಳೆಯನ್ನು ಬಿಟ್ಟು ಹೆಚ್ಚು ದೂರ ಹೋಗುವುದೇ ಇಲ್ಲ. ಇದನ್ನೆಲ್ಲ ನಮಗೆ ಯಾರೂ ಕಲಿಸಲಿಲ್ಲ. ಅಮ್ಮನ ಬಾಯಿಂದ, ಅಂಗಡಿ ಬೀದಿಯಿಂದ, ಪೇಪರಿನಿಂದ ಬಂತು.

ಮೊದಲು ಇದನ್ನು ಮಕ್ಕಳಿಗೆ ಕೇಳಿಸಿ. ತಮ್ಮ ಭಾಷೆಯಲ್ಲೂ ಹೀಗೇ ಇದೆ ಅಂತ ಗೊತ್ತಾದರೆ ಇಂಗ್ಲಿಷ್ ತಮ್ಮ ಮೇಲೆ ಹಗೆ ಸಾಧಿಸುತ್ತಿದೆ ಅಂತ ಅವರಿಗೆ ಅನಿಸುವುದಿಲ್ಲ. ಆ ಹೆದರಿಕೆ ಹೋಗುವುದು ಮುಖ್ಯ.

ವಿಜಯಪುರದವ

ಮೇಷ್ಟ್ರೇ, ನಿಮ್ಮ ಮಾತಿಗೆ ನಮ್ಮ ಕಡೆಯ ಒಂದು ಪದ ಸೇರಿಸ್ತೀನ್ರಿ. ‘ಕಡಕ್’. ಕಡಕ್ ಚಹಾ, ಕಡಕ್ ರೊಟ್ಟಿ, ಕಡಕ್ ಆಫೀಸರ್. ಚಹಾಕ್ಕೆ ಇಂಗ್ಲಿಷಿನಲ್ಲಿ ‘ಸ್ಟ್ರಾಂಗ್’, ರೊಟ್ಟಿಗೆ ‘ಕ್ರಿಸ್ಪ್’, ಆಫೀಸರಿಗೆ ‘ಸ್ಟ್ರಿಕ್ಟ್’. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿಲ್ಲಿಯ ಗೆಳೆಯನಿಗೆ ನಮ್ಮ ರೊಟ್ಟಿ ‘ಸ್ಟ್ರಾಂಗ್’ ಅಂತ ಹೇಳಿದ್ದೆ. ಎರಡು ತಿಂಗಳು ಇಟ್ಟರೂ ಕೆಡೋದಿಲ್ಲ ಅನ್ನೋದು ಅವನಿಗೆ ತಿಳೀತು. ಮುಟ್ಟಿದರೆ ಮುರಿಯುವಂಥ ಗರಿಗರಿ ಅನ್ನೋದು ತಿಳೀಲಿಲ್ಲ.

ಲೆಕ್ಕದ ತಲೆ

ಮೇಷ್ಟ್ರ ಮಾತು ಒಪ್ಪಿದೆ. ಆದರೂ ಪೂರ್ತಿ ಅಡ್ಡಾದಿಡ್ಡಿ ಅಂತ ನನಗೆ ಅನಿಸುವುದಿಲ್ಲ. ಒಂದು ದಾರಿ ಕಾಣುತ್ತದೆ.

‘ಹೆವಿ’ ಪದದ ಬೇರು ಹಳೆಯ ಇಂಗ್ಲಿಷಿನ ‘ಹೆಫಿಗ್’. ಎತ್ತುವುದು ಅನ್ನುವ ಅರ್ಥದ ‘ಹೀವ್’ ಕ್ರಿಯಾಪದದ ನೆಂಟ. ಅಂದರೆ ಎತ್ತಲು ಕಷ್ಟವಾಗುವಂಥದ್ದು. ಅಲ್ಲಿಂದ ಅದು ರಾಶಿ ಬೀಳುವ, ಲೆಕ್ಕ ಏರುವ ಸಂಗತಿಗಳಿಗೆ ಹಬ್ಬಿತು. ಮಳೆ, ಹಿಮ, ಟ್ರಾಫಿಕ್, ನಷ್ಟ, ಸಾವುನೋವು, ಕೆಲಸದ ಹೊರೆ, ಸಾಲ, ತೆರಿಗೆ, ದಂಡ. ಸಿಗರೇಟ್ ಜಾಸ್ತಿ ಸೇದುವವನು ‘ಹೆವಿ ಸ್ಮೋಕರ್’. ಎಲ್ಲವೂ ಪ್ರಮಾಣದ ಮಾತು.

‘ಸ್ಟ್ರಾಂಗ್’ ತಳ್ಳುವ ಬಲದ ಮಾತು. ಗಾಳಿ, ಹೊಳೆಯ ಸೆಳವು, ವಾಸನೆ, ಟೀ, ವಾದ. ಎಲ್ಲವೂ ನಮ್ಮನ್ನು ಒತ್ತುತ್ತವೆ ಇಲ್ಲವೇ ಮೂಗಿಗೆ, ನಾಲಿಗೆಗೆ ಹೊಡೆಯುತ್ತವೆ.

‘ಹೈ’ ಅಳತೆ ಕೋಲಿನ ಮಾತು. ಥರ್ಮಾಮೀಟರಿನಲ್ಲಿ ಪಾದರಸ ಮೇಲೇರುತ್ತದೆ, ಹಾಗಾಗಿ ಜ್ವರ ‘ಹೈ’. ಬಿಪಿ, ಬೆಲೆ, ವೇಗ ಎಲ್ಲವೂ ‘ಹೈ’.

ರಾಶಿ, ಬಲ, ಅಳತೆ. ಈ ಮೂರು ಪ್ರಶ್ನೆ ಕೇಳಿಕೊಂಡರೆ ಮಕ್ಕಳು ಬಹಳಷ್ಟು ಸಲ ಸರಿಯಾದ ಪದ ಹಿಡಿಯುತ್ತಾರೆ.

ಪದಗಳ ಹುಚ್ಚು

ಚೆನ್ನಾಗಿದೆ. ಆದರೆ ಇದನ್ನು ನಿಯಮ ಅಂತ ಬೋರ್ಡಿನ ಮೇಲೆ ಬರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ನೆಗಡಿ ರಾಶಿಯಾ? ಬ್ರಿಟಿಷರು ‘ಹೆವಿ ಕೋಲ್ಡ್’ ಅನ್ನುತ್ತಾರೆ. ಮಾತಿನ ಧಾಟಿಗೆ ‘ಹೆವಿ ಆಕ್ಸೆಂಟ್’, ‘ಸ್ಟ್ರಾಂಗ್ ಆಕ್ಸೆಂಟ್’ ಎರಡೂ ನಡೆಯುತ್ತವೆ. ಗಾಳಿಗೆ ‘ಹೈ ವಿಂಡ್ಸ್’ ಅಂತಲೂ ಇದೆ, ಪೇಪರುಗಳಲ್ಲಿ ಮಾಮೂಲು. ಕಡಲು ಉಕ್ಕಿದರೆ ‘ಹೆವಿ ಸೀಸ್’. ಎಚ್ಚರವೇ ಆಗದೆ ಮಲಗುವವನು ‘ಹೆವಿ ಸ್ಲೀಪರ್’. ಇದನ್ನು ಪ್ರಮಾಣ ಅನ್ನೋಣವಾ, ಬಲ ಅನ್ನೋಣವಾ?

ನಿಮ್ಮ ಮೂರು ಪ್ರಶ್ನೆ ಊಹೆಗೆ ಒಳ್ಳೆಯ ಆಸರೆ. ಕೊನೆಯ ತೀರ್ಪು ಮಾತ್ರ ಬಳಕೆಯದ್ದೇ.

ಲೆಕ್ಕದ ತಲೆ

ಒಪ್ಪಿದೆ. ಆಸರೆ ಅಂತಲೇ ಇಟ್ಟುಕೊಳ್ಳೋಣ. ಏನೂ ಇಲ್ಲದಿರುವುದಕ್ಕಿಂತ ಮಗುವಿಗೆ ಅದೂ ದೊಡ್ಡದು.

ನರ್ಸ್ ಅಕ್ಕ, ಐರ್ಲೆಂಡ್

ಟೀಚರ್, ನಿಮ್ಮ ಹುಡುಗಿಯ ಚೀಟಿ ಓದಿ ನನ್ನ ಮೊದಲ ವರ್ಷ ನೆನಪಾಯಿತು. ನಾನು ಉಡುಪಿ ಕಡೆಯವಳು. ಇಲ್ಲಿಗೆ ಬಂದ ಹೊಸದರಲ್ಲಿ ರಾತ್ರಿ ಪಾಳಿ ಮುಗಿಸಿ ವರದಿ ಒಪ್ಪಿಸುವಾಗ ರೋಗಿಗೆ ‘ಹೆವಿ ಪೇನ್’ ಅಂತ ಬರೆದೆ. ಬೆಳಗಿನ ಪಾಳಿಗೆ ಬಂದವರು ‘ಹೆವಿ’ಯನ್ನು ಬೇರೆಯೇ ತಿಳಿದುಕೊಂಡರು. ಎದೆ ಮೇಲೆ ಭಾರ ಇಟ್ಟ ಹಾಗೆ ಆಗುತ್ತಿದೆಯಾ ಅಂತ ರೋಗಿಯನ್ನು ವಿಚಾರಿಸಿದರು. ಯಾಕೆಂದರೆ ಎದೆ ‘ಹೆವಿ’ ಅನಿಸುವುದು ಹೃದಯದ ತೊಂದರೆಯ ಸೂಚನೆಯೂ ಆಗಬಹುದು. ನಾನು ಹೇಳಬೇಕಾಗಿದ್ದದ್ದು ‘ಸಿವಿಯರ್ ಪೇನ್’. ಅವರು ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ಅವತ್ತಿನಿಂದ ನಾನು ಪದ ಒಂದನ್ನೇ ಕಲಿಯುವುದು ಬಿಟ್ಟೆ. ಜೋಡಿಯಾಗಿಯೇ ಕಲಿತೆ.

ನಮ್ಮ ಕೆಲಸದಲ್ಲಿ ದಿನಾ ಬೇಕಾಗುವವು ಇವು. ರಕ್ತಸ್ರಾವ ‘ಹೆವಿ’. ಜ್ವರ ‘ಹೈ’. ನೋವು ‘ಸಿವಿಯರ್’. ತಲೆನೋವು ‘ಬ್ಯಾಡ್’, ತಲೆ ಸಿಡಿಯುವಂತಿದ್ದರೆ ‘ಸ್ಪ್ಲಿಟಿಂಗ್’. ಉಸಿರಾಟ ‘ಹೆವಿ ಬ್ರೀದಿಂಗ್’. ಕೆಮ್ಮು ‘ಬ್ಯಾಡ್’. ಮೈ ಊದಿದ್ದಕ್ಕೆ ‘ಹೆವಿ’ ಇಲ್ಲ.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು. ದಿನ ತುಂಬಿದ ಬಸುರಿಗೆ ಇಂಗ್ಲಿಷಿನಲ್ಲಿ ‘ಹೆವಿಲಿ ಪ್ರೆಗ್ನೆಂಟ್’. ಅಂದರೆ ಅವರಿಗೆ ಕಂಡದ್ದು ಹೊರೆ. ನಾವು ‘ತುಂಬು ಗರ್ಭಿಣಿ’ ಅನ್ನುತ್ತೇವೆ. ನಮಗೆ ಕಂಡದ್ದು ತುಂಬಿದ ಕೊಡ. ಹೆರಿಗೆ ವಾರ್ಡಿನಲ್ಲಿ ಇಂಗ್ಲಿಷ್ ಮಾತಾಡುವಾಗಲೂ ನನ್ನ ಮನಸ್ಸಿನೊಳಗೆ ‘ತುಂಬು’ ಅಂತಲೇ ಇರುತ್ತದೆ.

ಅನುವಾದಕಿ

ಅಕ್ಕ, ‘ತುಂಬು’ ಅಂದಿರಲ್ಲ, ಇಡೀ ದಿನ ಅದೇ ತಲೆಯಲ್ಲಿ. ತುಂಬು ಕುಟುಂಬ, ತುಂಬು ತೋಳು, ತುಂಬು ಹೃದಯದ ಸ್ವಾಗತ. ಒಂದಕ್ಕೂ ‘ಹೆವಿ’ ಹೊಂದುವುದಿಲ್ಲ.

ನನ್ನದು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ. ಅಲ್ಲಿ ಆಚೆ ಕಡೆಯ ತೊಂದರೆ. ‘ಹೆವಿ’ ಕಂಡ ಕಡೆಯೆಲ್ಲ ‘ಭಾರಿ’ ಅಂತ ಹಾಕಿದರೆ ವಾಕ್ಯ ಕಲ್ಲಿನ ಹಾಗೆ ಕೂರುತ್ತದೆ. ‘ಹೆವಿ ಸ್ಲೀಪರ್’ ಅಂದರೆ ಭಾರಿ ನಿದ್ರಿಸುವವನು ಅಲ್ಲ, ‘ಮಲಗಿದರೆ ಕುಂಭಕರ್ಣ’. ‘ಹೆವಿ ಡ್ರಿಂಕರ್’ ಅಂದರೆ ‘ಮಹಾ ಕುಡುಕ’. ‘ಹೆವಿ ಲಾಸ್’ ಅಂದರೆ ‘ಅಪಾರ ನಷ್ಟ’. ‘ಹೆವಿ ಫೈನ್’ ಅಂದರೆ ‘ದುಬಾರಿ ದಂಡ’. ಮೌನ ‘ಹೆವಿ’ ಆದರೆ ನಾವು ‘ಬಿಗುವಿನ ಮೌನ’ ಅನ್ನುತ್ತೇವೆ. ಮನಸ್ಸು ಮಾತ್ರ ಎರಡೂ ಭಾಷೆಯಲ್ಲಿ ಭಾರವೇ. ‘ಹೆವಿ ಹಾರ್ಟ್’, ‘ಭಾರವಾದ ಮನಸ್ಸು’. ನಿದ್ದೆ ಬಂದಾಗ ಕಣ್ಣು ರೆಪ್ಪೆಯೂ ಅಲ್ಲಿ ಇಲ್ಲಿ ಎರಡು ಕಡೆಯೂ ಭಾರ. ಇಂಥ ಹೊಂದಾಣಿಕೆ ಸಿಕ್ಕಿದ ದಿನ ನನಗೆ ಕೆಲಸ ಬೇಗ ಮುಗಿಯುತ್ತದೆ.

ಪತ್ರಿಕೆಗಳಲ್ಲಿ ‘ಭಾರಿ’ ಬಳಕೆ ಜಾಸ್ತಿಯಾಗಿದೆ ಅನ್ನುವುದು ನನ್ನ ದೂರು. ಭಾರಿ ಮಳೆ, ಭಾರಿ ಬಹುಮತ ಇವು ಸರಿ. ಭಾರಿ ಮೌನ, ಭಾರಿ ಟೀಕೆ ಅಂತೆಲ್ಲ ಓದುವಾಗ ಕೆಳಗೆ ಇಂಗ್ಲಿಷ್ ವಾಕ್ಯ ಮಲಗಿರುವುದು ಕಾಣುತ್ತದೆ. ಟೀಕೆಗೆ ‘ಕಟು’, ‘ತೀವ್ರ’, ‘ಖಾರ’ ಅಂತ ನಮ್ಮದೇ ಜೊತೆಗಾರರು ಇದ್ದಾರಲ್ಲ.

ಲಾರಿ ಚಾಲಕ

ನಾನು ಓದಿದ್ದು ಏಳನೇ ಕ್ಲಾಸು. ಆದರೆ ‘ಹೆವಿ’ ನಮ್ಮ ಅನ್ನದ ಪದ, ಅದಕ್ಕೆ ಬರೆಯುತ್ತಿದ್ದೇನೆ. ಲಾರಿ, ಬಸ್ಸು ಓಡಿಸುವವನಿಗೆ ‘ಹೆವಿ ಲೈಸೆನ್ಸ್’ ಬೇಕು. ಕಾರಿಗೆ ‘ಲೈಟ್’ ಸಾಕು. ನಮಗೆ ‘ಹೆವಿ’ ಅಂದ ಕೂಡಲೇ ಎದುರಿಗೆ ‘ಲೈಟ್’ ಬರುತ್ತದೆ. ಹೆವಿ ಲೋಡು, ಲೈಟ್ ಲೋಡು. ಹೆವಿ ಊಟ, ಲೈಟ್ ಊಟ. ರಾತ್ರಿ ಗಾಡಿ ಓಡಿಸುವವರು ಹೆವಿ ಊಟ ಮಾಡಬಾರದು, ಕಣ್ಣು ಎಳೆಯುತ್ತದೆ. ಮಕ್ಕಳಿಗೆ ಪದದ ಎದುರು ಪದ ಹೇಳಿಸಿದರೆ ಸುಲಭ ಆಗುತ್ತದೇನೋ ಅಂತ ನನ್ನ ಅನಿಸಿಕೆ.

ಪದಗಳ ಹುಚ್ಚು

ಅಣ್ಣ, ನೀವು ಹೇಳಿದ್ದು ಬಹಳ ಒಳ್ಳೆಯ ಪರೀಕ್ಷೆ. ಮಳೆ, ಟ್ರಾಫಿಕ್, ಊಟ, ನಿದ್ದೆ ಮಾಡುವವನು ಎಲ್ಲಕ್ಕೂ ಎದುರು ‘ಲೈಟ್’. ಟೀ ‘ಸ್ಟ್ರಾಂಗ್’ ಆದರೆ ಎದುರು ‘ವೀಕ್’. ಜ್ವರ ‘ಹೈ’ ಆದರೆ ಎದುರು ‘ಮೈಲ್ಡ್’ ಅಥವಾ ‘ಸ್ಲೈಟ್’.

ಇಲ್ಲೂ ಗಾಳಿ ದಾರಿ ತಪ್ಪಿಸುತ್ತದೆ. ಗಾಳಿ ‘ಸ್ಟ್ರಾಂಗ್’, ಆದರೆ ಅದರ ಎದುರು ‘ವೀಕ್’ ಅಲ್ಲ, ‘ಲೈಟ್’! ನಾವಿಕರು ಬಳಸುವ ಬ್ಯೂಫೋರ್ಟ್ ಮಾಪಕ ಅಂತ ಇದೆ. 0ಯಿಂದ 12ರವರೆಗೆ. ಅದರಲ್ಲಿ ತಂಗಾಳಿ ಮೊದಲು ‘ಲೈಟ್’, ಆಮೇಲೆ ‘ಜೆಂಟಲ್’, ‘ಮಾಡರೇಟ್’, ‘ಫ್ರೆಶ್’, 6ಕ್ಕೆ ‘ಸ್ಟ್ರಾಂಗ್’. ಅಲ್ಲಿಂದ ಮುಂದೆ ವಿಶೇಷಣ ಸಾಲದೆ ಹೆಸರೇ ಬದಲಾಗುತ್ತದೆ. ‘ಗೇಲ್’, ‘ಸ್ಟಾರ್ಮ್’, ಕೊನೆಗೆ ‘ಹರಿಕೇನ್’. ಮಾಪಕದ ಗಾಳಿಯ ಹೆಸರುಗಳಲ್ಲಿ ‘ಹೆವಿ’ ಎಲ್ಲೂ ಇಲ್ಲ.

ಕರಾವಳಿ ಓದುಗ

ಕಾರವಾರದಿಂದ ಬರೆಯುತ್ತಿದ್ದೇನೆ. ಮಳೆ, ಗಾಳಿ ವಿಷಯ ಬಂದಾಗ ನಾವು ಸುಮ್ಮನಿರುವುದು ಕಷ್ಟ.

ಟೀಚರ್, ನಿಮಗೆ ಬೇಕಾದ ಪಾಠ ದಿನಾ ಪುಕ್ಕಟೆ ಸಿಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆ ನೋಡಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ವಾರಕ್ಕೆ ಮೂರು ಸಲ ಎಚ್ಚರಿಕೆ ಬರುತ್ತದೆ. ಅದರಲ್ಲಿ ‘ಹೆವಿ’ ಅನ್ನುವುದು ಬಾಯಿಗೆ ಬಂದ ಪದ ಅಲ್ಲ, ಅಳತೆ ಇರುವ ಪದ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ‘ಹೆವಿ’. 115.6ರಿಂದ 204.4ರವರೆಗೆ ‘ವೆರಿ ಹೆವಿ’. ಅದನ್ನೂ ದಾಟಿದರೆ ‘ಎಕ್ಸ್‌ಟ್ರೀಮ್ಲಿ ಹೆವಿ’. ಕನ್ನಡ ವಾರ್ತೆಯಲ್ಲಿ ‘ಭಾರಿ ಮಳೆ’, ‘ಅತಿ ಭಾರಿ ಮಳೆ’ ಅಂತ ಕೇಳುವುದು ಇದನ್ನೇ. ನಮ್ಮ ಅಪ್ಪ ರೇಡಿಯೋದಲ್ಲಿ ‘ಅತಿ ಭಾರಿ’ ಕೇಳಿದರೆ ದೋಣಿಯನ್ನು ಇನ್ನೂ ಹತ್ತು ಮಾರು ಮೇಲೆ ಎಳೆಸುತ್ತಿದ್ದರು.

ಅದೇ ಇಲಾಖೆ ಮಂಜಿಗೆ ‘ಹೆವಿ’ ಅನ್ನುವುದಿಲ್ಲ, ‘ಡೆನ್ಸ್’ ಅನ್ನುತ್ತದೆ. ನಮ್ಮ ‘ದಟ್ಟ ಮಂಜು’ ಅದಕ್ಕೆ ಸರಿಯಾಗಿ ಕೂರುತ್ತದೆ. ಬಿಸಿಗಾಳಿ ‘ಸಿವಿಯರ್’. ಸಮುದ್ರ ‘ರಫ್’, ಇನ್ನೂ ಕೆಟ್ಟರೆ ‘ವೆರಿ ರಫ್’. ಅಲೆ ‘ಹೈ’. ಗಾಳಿ ‘ಸ್ಟ್ರಾಂಗ್’, ಹಠಾತ್ತನೆ ಎದ್ದು ಬೀಸಿದರೆ ‘ಸ್ಕ್ವಾಲಿ’. ಒಂದು ಪುಟದ ಪ್ರಕಟಣೆಯಲ್ಲಿ ಎಲ್ಲ ಜೋಡಿಗಳೂ ಇವೆ. ಮಕ್ಕಳಿಗೂ ಅದು ಕಣ್ಣೆದುರಿನ ಸಂಗತಿ, ಪರೀಕ್ಷೆಗಾಗಿ ಕಟ್ಟಿದ ವಾಕ್ಯ ಅಲ್ಲ.

ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ಅಲ್ಲಿನ ರಿಯಾಕ್ಟರುಗಳಿಗೆ ‘ಹೆವಿ ವಾಟರ್’, ಅಂದರೆ ಭಾರಜಲ ಬೇಕು. ಅದು ನಿಜಕ್ಕೂ ತೂಕದ ಮಾತು. ಒಂದು ಲೀಟರ್ ಭಾರಜಲ ಸುಮಾರು 1.1 ಕೆಜಿ ತೂಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಮಾತ್ರ ‘ಹೆವಿ ವಾಟರ್’ ಅನ್ನಬಾರದು, ಅದು ‘ಹಾರ್ಡ್ ವಾಟರ್’. ನನ್ನ ತಮ್ಮ ವಿಜ್ಞಾನ ಪರೀಕ್ಷೆಯಲ್ಲಿ ಇದನ್ನು ಅದಲು ಬದಲು ಮಾಡಿ ಎರಡು ಅಂಕ ಕಳೆದುಕೊಂಡ.

ಬೆಂಗಳೂರು ಬಸ್ಸು

ಒಂದು ಸಂಶಯ. ‘ಹೆವಿ ರಶ್’ ಸರಿಯಾ ತಪ್ಪಾ? ದಿನಾ ಬಳಸುತ್ತೇವೆ. ಮೆಜೆಸ್ಟಿಕ್‌ನಲ್ಲಿ ಹೆವಿ ರಶ್, ದೇವಸ್ಥಾನದಲ್ಲಿ ಹೆವಿ ರಶ್. ನಮ್ಮ ಆಫೀಸಿಗೆ ಇಂಗ್ಲಿಷ್ ತರಬೇತಿಗೆ ಬಂದವರು ಇದು ತಪ್ಪು, ಇಂಗ್ಲಿಷರು ಹೀಗೆ ಹೇಳುವುದೇ ಇಲ್ಲ ಅಂದರು. ನನಗೆ ಬೇಜಾರಾಯಿತು.

ಅನುವಾದಕಿ

ಇಂಗ್ಲೆಂಡಿನವರು ಬಸ್ಸು ‘ಪ್ಯಾಕ್ಡ್’ ಅನ್ನುತ್ತಾರೆ, ‘ವೆರಿ ಕ್ರೌಡೆಡ್’ ಅನ್ನುತ್ತಾರೆ. ಅವರಿಗೆ ‘ರಶ್’ ಅಂದರೆ ಮುಖ್ಯವಾಗಿ ಗಡಿಬಿಡಿ. ನಮಗೆ ‘ರಶ್’ ಅಂದರೆ ಜನಜಂಗುಳಿ. ಆದರೆ ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಹೆವಿ ರಶ್’ ಎಷ್ಟೋ ವರ್ಷದಿಂದ ಅಚ್ಚಾಗುತ್ತಿದೆ. ಇಲ್ಲಿ ಕೋಟ್ಯಂತರ ಜನಕ್ಕೆ ಅದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಅದು ಇಲ್ಲಿನ ಜೋಡಿ.

ನಿವೃತ್ತ ಮೇಷ್ಟ್ರು

ಅಮ್ಮಾ, ನಿಮ್ಮ ಮಾತು ನ್ಯಾಯವಾದದ್ದು. ಆದರೂ ಒಂದು ಎಚ್ಚರ ಬೇಕು. ಪರೀಕ್ಷೆ ಬರೆಯುವ ಮಗುವಿಗೆ, ವಿದೇಶಕ್ಕೆ ಹೋಗುವ ಮಗುವಿಗೆ ಎರಡೂ ಗೊತ್ತಿರಬೇಕು. ಎಲ್ಲಿ ಯಾವುದು ನಡೆಯುತ್ತದೆ ಅನ್ನುವುದೂ ಗೊತ್ತಿರಬೇಕು. ‘ಇದು ತಪ್ಪು’ ಅಂತ ಮುಖಕ್ಕೆ ಹೇಳುವುದಕ್ಕಿಂತ ‘ಅಲ್ಲಿ ಹೀಗೆ ಹೇಳುತ್ತಾರೆ’ ಅನ್ನುವುದು ಒಳ್ಳೆಯದು. ಮಂಗಳೂರಿನವರು ‘ಭಾರಿ ಲಾಯ್ಕ್’ ಅಂದರೆ ಮೈಸೂರಿನವರು ತಿದ್ದಲು ಹೋಗುತ್ತಾರಾ?

ಒಂದನ್ನು ಮಾತ್ರ ನಾನು ಬಿಡುವುದಿಲ್ಲ. ‘ಹೆವಿ ಫೀವರ್’ ಅನ್ನು ‘ಹೈ ಫೀವರ್’ ಅಂತ ತಿದ್ದಲೇಬೇಕು. ಡಾಕ್ಟರ ಚೀಟಿಯಲ್ಲಿ, ಔಷಧಿ ಡಬ್ಬಿಯ ಮೇಲೆ ಇರುವುದು ಅದು. ಮಗು ಅದನ್ನು ಓದಿ ಗುರುತು ಹಿಡಿಯಬೇಕು.

ಬೆಂಗಳೂರು ಬಸ್ಸು

ಧನ್ಯವಾದ ಸರ್. ಈಗ ಸಮಾಧಾನವಾಯಿತು.

ಪದಗಳ ಹುಚ್ಚು

ಟೀಚರ್‌ಗೆ ಒಂದು ಕೆಲಸದ ಮಾತು. ನೋಟ್‌ಬುಕ್ಕಿನಲ್ಲಿ ‘ಹೆವಿ’ ಅಂತ ತಲೆಬರಹ ಹಾಕಿ ಕೆಳಗೆ ಇಪ್ಪತ್ತು ಪದ ಬರೆಸಬೇಡಿ. ನಾನು ಹಾಗೇ ಕಲಿತೆ, ಒಂದೂ ನಿಲ್ಲಲಿಲ್ಲ. ಯಾಕೆಂದರೆ ನಾವು ಮಾತಾಡುವಾಗ ಮೊದಲು ನೆನಪಾಗುವುದು ‘ಹೆವಿ’ ಅಲ್ಲ, ಮಳೆ. ಮಳೆ ಬಗ್ಗೆ ಹೇಳಬೇಕು ಅಂತ ಹೊರಡುತ್ತೇವೆ, ಆಮೇಲೆ ಅದಕ್ಕೆ ತಕ್ಕ ಗುಣವಾಚಕ ಹುಡುಕುತ್ತೇವೆ. ಅಂದರೆ ನಾಮಪದವೇ ಯಜಮಾನ. ತನಗೆ ಬೇಕಾದ ಜೊತೆಗಾರನನ್ನು ಅದೇ ಆರಿಸಿಕೊಳ್ಳುತ್ತದೆ.

ಹಾಗಾಗಿ ‘ರೇನ್’ ಅಂತ ಒಂದು ಪುಟ. ಅದರಲ್ಲಿ ‘ಹೆವಿ’, ‘ಲೈಟ್’, ‘ಸ್ಟೆಡಿ’. ಕ್ರಿಯಾಪದವೂ ಇರಲಿ. ಮಳೆ ‘ಫಾಲ್’ ಆಗುತ್ತದೆ, ‘ಸ್ಟಾಪ್’ ಆಗುತ್ತದೆ. ‘ಇಟ್ ರೇನ್ಡ್ ಹೆವಿಲಿ’ ಅನ್ನುವ ಇಡೀ ವಾಕ್ಯವೂ ಇರಲಿ. ‘ವಿಂಡ್’ ಅಂತ ಇನ್ನೊಂದು ಪುಟ. ಗಾಳಿ ‘ಬ್ಲೋ’ ಆಗುತ್ತದೆ, ಜೋರಾದರೆ ‘ಬ್ಲೋ ಹಾರ್ಡ್’, ‘ಹೆವಿಲಿ’ ಅಲ್ಲ. ಆಕ್ಸ್‌ಫರ್ಡ್‌ನವರು 2002ರಲ್ಲಿ ಕಾಲೊಕೇಶನ್ನಿಗೇ ಅಂತ ಒಂದು ನಿಘಂಟು ತಂದರು. ಅದರಲ್ಲೂ ಮಳೆಯ ಪುಟ ತೆಗೆದರೆ ಮಳೆಯ ಜೊತೆಗಾರರು ಸಾಲಾಗಿ ಸಿಗುತ್ತಾರೆ. ದುಬಾರಿ ಅನಿಸಿದರೆ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ ಪುಕ್ಕಟೆ ಇದೆ. ‘ಹೆವಿ ರೇನ್’, ‘ಸ್ಟ್ರಾಂಗ್ ರೇನ್’ ಎರಡನ್ನೂ ಹಾಕಿ. ಅಚ್ಚಾದ ಪುಸ್ತಕಗಳಲ್ಲಿ ಯಾವುದು ಎಷ್ಟು ಬಳಕೆಯಾಗಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ಮಕ್ಕಳು ತಾವೇ ನೋಡಿದರೆ ನಂಬುತ್ತಾರೆ.

ಹಳ್ಳಿ ಶಾಲೆ ಟೀಚರ್

ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಇವತ್ತು ಕ್ಲಾಸಿನಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಮೇಷ್ಟ್ರು ಹೇಳಿದ ಹಾಗೆ ಕನ್ನಡದಿಂದ ಶುರು ಮಾಡಿದೆ. ಬೋರ್ಡಿನ ಮೇಲೆ ‘ಬಡವ’, ‘ಶ್ರೀಮಂತ’, ‘ಕತ್ತಲೆ’, ‘ಚಳಿ’, ‘ಬಿಸಿಲು’ ಬರೆದು ಹಿಂದೆ ಜಾಗ ಬಿಟ್ಟೆ. ಬಡವನಿಗೆ ‘ಕಡು’ ಅಂತ ಹತ್ತು ಕಡೆಯಿಂದ ಬಂತು. ಕತ್ತಲೆಗೆ ‘ಕಗ್ಗತ್ತಲೆ’, ‘ಗವ್ವನೆ ಕತ್ತಲೆ’. ಚಳಿಗೆ ‘ಕೊರೆಯುವ’, ‘ಗಡಗಡ’. ಬಿಸಿಲಿಗೆ ‘ಸುಡು’, ‘ಉರಿ’, ‘ರಣ’. ಶ್ರೀಮಂತನಿಗೆ ಮಾತ್ರ ಬಹಳ ಜನ ‘ಭಾರಿ ಶ್ರೀಮಂತ’ ಅಂದರು. ‘ಆಗರ್ಭ’ ಹೇಳಿದ್ದು ಒಬ್ಬನೇ, ಅವನ ಅಜ್ಜಿ ಹೇಳುತ್ತಿದ್ದರಂತೆ. ‘ಕೊರೆಯುವ ಬಿಸಿಲು’ ಅಂತ ನಾನು ಬೇಕೆಂದೇ ಬರೆದೆ. ಇಡೀ ಕ್ಲಾಸು ಒಟ್ಟಿಗೆ “ತಪ್ಪು ಮಿಸ್” ಅಂತ ಕೂಗಿತು. ಯಾಕೆ ತಪ್ಪು ಅಂದೆ. ಯಾರಿಗೂ ಹೇಳಲು ಬರಲಿಲ್ಲ. “ಹಂಗೆ ಯಾರೂ ಹೇಳಲ್ಲ ಮಿಸ್” ಅಂದರು. ಆಗ ಆ ಹುಡುಗಿಯ ಕಡೆ ನೋಡಿದೆ. ಅವಳು ತಲೆ ಆಡಿಸಿದಳು.

ಆಮೇಲೆ ಹವಾಮಾನ ಇಲಾಖೆಯ ಪ್ರಕಟಣೆ ಓದಿಸಿದೆ. ಕರಾವಳಿಯವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. 64.5 ಮಿಲಿಮೀಟರ್ ಅಂದರೆ ಎಷ್ಟು ಅಂತ ಸ್ಕೇಲಿನಲ್ಲಿ ಅಳೆದು ನೋಡಿದರು. ಆರೂವರೆ ಸೆಂಟಿಮೀಟರ್, ಒಂದು ಬೆರಳುದ್ದ. “ಇಷ್ಟೇನಾ ಮಿಸ್, ನಮ್ಮೂರಲ್ಲಿ ದಿನಾ ಇದಕ್ಕಿಂತ ಜಾಸ್ತಿ” ಅಂದ ಹಿಂದಿನ ಬೆಂಚಿನವನೊಬ್ಬ. ನಾಳೆಯಿಂದ ಶಾಲೆ ಅಂಗಳದಲ್ಲಿ ಡಬ್ಬಿ ಇಟ್ಟು ಅಳೆಯುವುದು ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಅಳೆದು ‘ಲೈಟ್’, ‘ಹೆವಿ’, ‘ವೆರಿ ಹೆವಿ’ ಅಂತ ಇಂಗ್ಲಿಷಿನಲ್ಲಿ ಬೋರ್ಡಿನ ಮೂಲೆಯಲ್ಲಿ ಬರೆಯುತ್ತಾರಂತೆ.

ಬೆಲ್ ಹೊಡೆದ ಮೇಲೆ ಅದೇ ಹುಡುಗಿ ಮತ್ತೆ ಬಂದಳು. “ಮಿಸ್, ಹಸಿವು ಜೋರಾದರೆ ಯಾವುದು? ಹೆವಿನಾ, ಸ್ಟ್ರಾಂಗಾ, ಹೈಯಾ?” ಈ ಸಲ “ನಾಳೆ ಹೇಳ್ತೀನಿ, ನಾನೂ ಕೇಳಿ ಬರ್ತೀನಿ” ಅಂದೆ.

ಅನುವಾದಕಿ

ಮೂರೂ ಅಲ್ಲ. ಅಲ್ಲಿ ಇಂಗ್ಲಿಷ್ ದಾರಿಯನ್ನೇ ಬದಲಾಯಿಸುತ್ತದೆ. ಊಟದ ಹೊತ್ತಿನ ಹಸಿವಿಗೆ ‘ಹಂಗರ್’ ಅನ್ನುವ ನಾಮಪದ ಹೆಚ್ಚು ಬಳಸುವುದಿಲ್ಲ. ‘ಐ ಆ್ಯಮ್ ವೆರಿ ಹಂಗ್ರಿ’ ಅನ್ನುತ್ತಾರೆ. ತಡೆಯಲಾರದಷ್ಟು ಆದರೆ ‘ಐ ಆ್ಯಮ್ ಸ್ಟಾರ್ವಿಂಗ್’. ನಮ್ಮಲ್ಲಿ ‘ನನಗೆ ಹಸಿವು ಆಗುತ್ತದೆ’, ಅಲ್ಲಿ ‘ನಾನು ಹಸಿದಿದ್ದೇನೆ’. ಬಾಯಾರಿಕೆಗೂ ಹೀಗೇ, ‘ಥರ್ಸ್ಟಿ’. ಚಳಿಗೂ ಹೀಗೇ, ‘ಐ ಆ್ಯಮ್ ಕೋಲ್ಡ್’. ಇದನ್ನು ಹೇಳುವಾಗ ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ ಅನ್ನುವುದನ್ನೂ ಹೇಳಿಬಿಡಿ.

ಹಳ್ಳಿ ಶಾಲೆ ಟೀಚರ್

ಸರಿ. ನಾಳೆ ನನ್ನ ಪೀರಿಯಡ್ ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ಇದೆ. ಅಡುಗೆಮನೆಯಿಂದ ಸಾಂಬಾರಿನ ವಾಸನೆ ಬರುವಾಗಲೇ ಹೇಳಿಕೊಡುತ್ತೇನೆ. ವಾಸನೆಗೆ ‘ಸ್ಟ್ರಾಂಗ್’ ಅಂತ ಆಗಲೇ ಕಲಿತಿದ್ದಾರೆ.